ಆಗುಂಬೆ ಇಳಿಯುವಾಗ ಬಂದ ಸುಟ್ಟ ವಾಸನೆ ಹಿಂದಿನ ಡ್ರಮ್ಮಿನದ್ದಾ?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಆರು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಹೋದ ತಿಂಗಳು ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಮದುವೆಗೆ ಹೋದೆವು. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಶುರುವಾಯಿತು. ಘಾಟಿಯ ಬುಡದ ಸೋಮೇಶ್ವರ ಹತ್ತಿರ ಬಂದಾಗ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೊಳಗೆ ಹೋಗತೊಡಗಿತು. ಹೆದರಿ ನಿಲ್ಲಿಸಿದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮತ್ತೆ ಸರಿಯಾಗಿತ್ತು. ನಮ್ಮ ಭಾವ "ಹಿಂದೆ ಡ್ರಮ್ ಇದೆಯಲ್ಲ, ಅದಕ್ಕೇ ಹೀಗೆ" ಅಂತಾರೆ. ಹಿಂದಕ್ಕೂ ಡಿಸ್ಕ್ ಹಾಕಿಸಬಹುದಾ? ಅಥವಾ ಗಾಡಿ ಮಾರಿ ನಾಲ್ಕೂ ಡಿಸ್ಕ್ ಇರುವುದನ್ನೇ ತೆಗೆದುಕೊಳ್ಳುವುದಾ? ಇನ್ನೊಂದು, ಮಳೆಗಾಲದಲ್ಲಿ ಒಂದು ವಾರ ಗಾಡಿ ನಿಲ್ಲಿಸಿದರೆ ಹಿಂದಿನ ಚಕ್ರ ಹಿಡಿದುಕೊಂಡು ಬಿಡುತ್ತದೆ. ಇದೂ ಡ್ರಮ್ಮಿನ ತೊಂದರೆಯಾ?

ಉತ್ತರ:

ಮೊದಲು ನೇರ ಮಾತು ಹೇಳಿಬಿಡುತ್ತೇನೆ. ಹಿಂದಕ್ಕೆ ಡಿಸ್ಕ್ ಹಾಕಿಸಬೇಡಿ. ಇದೊಂದೇ ಕಾರಣಕ್ಕೆ ಗಾಡಿ ಮಾರಲೂ ಬೇಡಿ. ನಿಮಗೆ ಬಂದ ವಾಸನೆ ಬಹುಮಟ್ಟಿಗೆ ಮುಂದಿನ ಡಿಸ್ಕಿನದು, ಹಿಂದಿನ ಡ್ರಮ್ಮಿನದಲ್ಲ. ಪೆಡಲ್ ಮೆತ್ತಗಾಗಿದ್ದು ಬ್ರೇಕ್ ಆಯಿಲ್‌ನಿಂದ. ನಿಮ್ಮ ಭಾವನವರು ಬೇಜಾರು ಮಾಡಿಕೊಳ್ಳಬಾರದು, ಆದರೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಯಾಕೆ ಅಂತ ಹೇಳುತ್ತೇನೆ. ಬಸ್ಸಿನಲ್ಲಿ ನಿಂತಿರುವಾಗ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಗಾಡಿಯ ಭಾರವೂ ಹಾಗೇ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರ ರಸ್ತೆಯನ್ನು ಎಷ್ಟು ತಾನೇ ಹಿಡಿದೀತು? ಹಾಗಾಗಿ ಸಾಮಾನ್ಯ ಕಾರಿನಲ್ಲಿ ಬ್ರೇಕಿನ ಸುಮಾರು 70 ಪರ್ಸೆಂಟ್ ಕೆಲಸ ಮುಂದಿನ ಎರಡು ಚಕ್ರಗಳದ್ದೇ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಅಂದರೆ ಅವತ್ತು ಬೆಂದು ಹೋಗಿದ್ದು ಮುಂದಿನ ಡಿಸ್ಕ್. ಹಿಂದಿನ ಡ್ರಮ್ ಪಾಪ ಅರ್ಧ ಕೆಲಸವನ್ನೂ ಮಾಡಿರುವುದಿಲ್ಲ.

ಎರಡೂ ಬ್ರೇಕ್ ಮಾಡುವುದು ಒಂದೇ ಕೆಲಸ. ಓಡುವ ಗಾಡಿಯ ಶಕ್ತಿಯನ್ನು ಉಜ್ಜಿ ಉಜ್ಜಿ ಬಿಸಿ ಮಾಡುವುದು. ಆ ಬಿಸಿಯನ್ನು ಎಲ್ಲಿಗೆ ಕಳಿಸುತ್ತವೆ ಅನ್ನುವುದರಲ್ಲಿ ವ್ಯತ್ಯಾಸ ಇರುವುದು.

ಡಿಸ್ಕ್ ಅರ್ಥ ಮಾಡಿಕೊಳ್ಳಲು ಸೈಕಲ್ ನೆನಪು ಮಾಡಿಕೊಳ್ಳಿ. ರಿಮ್ಮನ್ನು ಎರಡು ಕಡೆಯಿಂದ ರಬ್ಬರ್ ಕಟ್ಟೆ ಹಿಡಿಯುತ್ತದಲ್ಲ, ಇಲ್ಲೂ ಅದೇ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ ಡಿಸ್ಕ್, ಅದನ್ನು ಎರಡು ಕಡೆಯಿಂದ ಅಮುಕುವುದು ಪ್ಯಾಡ್, ಪ್ಯಾಡ್ ಕೂರುವ ಜಾಗ ಕ್ಯಾಲಿಪರ್. ಎಲ್ಲ ಬಯಲಲ್ಲೇ ಇರುತ್ತದೆ, ಗಾಳಿ ಆಡುತ್ತದೆ, ಒಲೆಯಿಂದ ಇಳಿಸಿದ ದೋಸೆ ಕಾವಲಿ ಥರ ಬೇಗ ಆರುತ್ತದೆ. ಸುಮಾರು ಕಾರುಗಳಲ್ಲಿ ಮುಂದಿನ ಡಿಸ್ಕ್ ಎರಡು ಪದರದ್ದಿರುತ್ತದೆ, ನಡುವೆ ಗಾಳಿ ಹೋಗಲು ಸಂದು ಬಿಟ್ಟಿರುತ್ತಾರೆ.

ಡ್ರಮ್ ಅಂದರೆ ಬೋರಲು ಹಾಕಿದ ಪಾತ್ರೆ. ಅದರೊಳಗೆ ಎರಡು ಶೂ, ಅಂದರೆ ಬಿಲ್ಲಿನ ಹಾಗೆ ಬಾಗಿದ ಪಟ್ಟಿ, ಶೂ ಮೇಲೆ ಲೈನರ್, ಅಂದರೆ ಉಜ್ಜುವ ಪದರ. ಪೆಡಲ್ ಒತ್ತಿದಾಗ ವೀಲ್ ಸಿಲಿಂಡರ್ ಎರಡೂ ಶೂಗಳನ್ನು ಹೊರಕ್ಕೆ ದೂಡುತ್ತದೆ, ಲೈನರ್ ಡ್ರಮ್ಮಿನ ಒಳಗೋಡೆಗೆ ಉಜ್ಜುತ್ತದೆ. ಬಿಟ್ಟಾಗ ಸ್ಪ್ರಿಂಗ್ ವಾಪಸ್ ಎಳೆದುಕೊಳ್ಳುತ್ತದೆ. ಇಲ್ಲಿ ಒಂದು ಚಮತ್ಕಾರ ಇದೆ. ತಿರುಗುತ್ತಿರುವ ಡ್ರಮ್ಮೇ ಮುಂದಿನ ಶೂವನ್ನು ತನ್ನ ಜೊತೆ ಎಳೆದುಕೊಂಡು, ಬೆಣೆ ಹೊಡೆದ ಹಾಗೆ ಇನ್ನಷ್ಟು ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ. ಅಂದರೆ ನಿಮ್ಮ ಕಾಲು ಸ್ವಲ್ಪ ಒತ್ತಿದರೆ ಡ್ರಮ್ ಉಳಿದದ್ದನ್ನು ತಾನೇ ಸೇರಿಸಿಕೊಳ್ಳುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಇದ್ದ ಹಳೆಯ ಕಾಲದ ಕಾರುಗಳು ಬೂಸ್ಟರ್ (ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಭಾಗ) ಇಲ್ಲದೆಯೂ ಬರೀ ಕಾಲಿನ ಬಲದಲ್ಲಿ ನಿಲ್ಲುತ್ತಿದ್ದದ್ದು ಇದರಿಂದಲೇ. ಡಿಸ್ಕ್‌ಗೆ ಈ ಗುಣ ಇಲ್ಲ. ಅದಕ್ಕೆ ಒತ್ತಡ ಜಾಸ್ತಿ ಬೇಕು, ಅದನ್ನು ಬೂಸ್ಟರ್ ಕೊಡುತ್ತದೆ, ಬೂಸ್ಟರ್ ಇಂಜಿನ್ ಓಡುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಬಿಸಿಯ ಲೆಕ್ಕಕ್ಕೆ ಬರೋಣ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವು ಸುತ್ತಿಕೊಂಡು ಇಳಿಯುವ ಎತ್ತರ ಸುಮಾರು 500 ಮೀಟರ್ ಅಂದುಕೊಳ್ಳಿ. ಜನ, ಸಾಮಾನು ಸೇರಿ ಗಾಡಿ 1200 ಕೆಜಿ. ಇಷ್ಟು ತೂಕ ಅಷ್ಟು ಎತ್ತರದಿಂದ ಇಳಿದರೆ ಹೊರಬರುವ ಶಕ್ತಿ ಸುಮಾರು 59 ಲಕ್ಷ ಜೂಲ್. ಜೂಲ್ ಅಂದರೆ ತಲೆಗೆ ಹೋಗಲ್ಲ ಅಲ್ವಾ? ಒಂದು ಕೊಡ ತಣ್ಣೀರು, ಅಂದರೆ ಒಂದು 17 ಲೀಟರ್, ಕುದಿಯುವಷ್ಟು ಬಿಸಿ. ಅಥವಾ ಹೀಗೆ ನೋಡಿ: 60 ಕಿಲೋಮೀಟರ್ ವೇಗದಲ್ಲಿ ಬರುವ ಅದೇ ಗಾಡಿಯನ್ನು ಸಪಾಟು ರಸ್ತೆಯಲ್ಲಿ 35 ಸಲ ಪೂರ್ತಿ ನಿಲ್ಲಿಸಿದರೆ ಎಷ್ಟು ಬಿಸಿಯಾಗುತ್ತದೋ ಅಷ್ಟು. ಗಾಡಿಯ ತೂಕ ಎಷ್ಟೇ ಇದ್ದರೂ ಆ 35 ಅನ್ನುವುದು ಬದಲಾಗುವುದಿಲ್ಲ, ಬೇಕಾದರೆ ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಮಾಡಿಸಿ ನೋಡಿ. ಇಂಜಿನ್ ಮತ್ತು ಗಾಳಿ ಇದರಲ್ಲಿ ಒಂದಷ್ಟನ್ನು ಹೊತ್ತುಕೊಳ್ಳುತ್ತವೆ. ಟಾಪ್ ಗೇರ್‌ನಲ್ಲಿ ಬಂದರೆ ತೀರಾ ಕಡಿಮೆ, ಎರಡನೇ ಗೇರ್‌ನಲ್ಲಿ ಬಂದರೆ ತುಂಬಾ. ಉಳಿದದ್ದೆಲ್ಲ ಬ್ರೇಕಿನ ತಲೆಗೆ.

ಶಿವಮೊಗ್ಗ ಪೇಟೆಯೊಳಗೆ ಓಡಾಡುವವರಿಗೆ ಡಿಸ್ಕ್ ಮತ್ತು ಡ್ರಮ್ಮಿಗೆ ವ್ಯತ್ಯಾಸವೇ ಗೊತ್ತಾಗದಿರುವುದು ಇದಕ್ಕೇ. ಒಂದು ಸಲ ನಿಲ್ಲಿಸುವುದಕ್ಕೆ ಎರಡೂ ಸಾಕು. ಎರಡಕ್ಕೂ ಚಕ್ರವನ್ನು ಲಾಕ್ ಮಾಡುವಷ್ಟು ತಾಕತ್ತಿದೆ, ಆಮೇಲೆ ಗಾಡಿ ನಿಲ್ಲುವುದು ಟೈರಿನ ಹಿಡಿತದ ಮೇಲೆ. ವ್ಯತ್ಯಾಸ ಕಾಣುವುದು ಹತ್ತನೇ ಸಲ, ಇಪ್ಪತ್ತನೇ ಸಲ ಒತ್ತುವಾಗ. ಡ್ರಮ್ ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಶೂವಿನಿಂದ ದೂರ ಹೋಗುತ್ತದೆ, ಪೆಡಲ್ ಇನ್ನಷ್ಟು ಒತ್ತಬೇಕಾಗುತ್ತದೆ. ಜೊತೆಗೆ ಒಳಗಿನ ಬಿಸಿ ಹೊರಗೆ ಹೋಗಲು ದಾರಿ ಇಲ್ಲ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಕಲಿತದ್ದಲ್ಲ. ಗ್ಯಾರೇಜಿಗೆ ಸೇರಿದ ಹೊಸದರಲ್ಲಿ, ನಾಲ್ಕೂ ಡ್ರಮ್ ಇದ್ದ ಒಂದು ಹಳೆಯ ಕಾರನ್ನು ಹುಲಿಕಲ್ ಘಾಟಿ ಇಳಿಸಿಕೊಂಡು ಕುಂದಾಪುರದ ಕಡೆ ಹೋಗುತ್ತಿದ್ದೆ. ಪ್ರಾಯದ ಸೊಕ್ಕು, ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆ, ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದೆ. ಮೂರ್ನಾಲ್ಕು ತಿರುವು ಆದ ಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದೆ, ಎರಡೂ ಕಾಲು ಹಾಕಿ ಒತ್ತುತ್ತಿದ್ದೇನೆ, ಗಾಡಿ ಮಾತ್ರ ಕೇಳುತ್ತಿಲ್ಲ. ಹೇಗೋ ಗೇರಿಗೆ ಹಾಕಿ, ಧರೆಗೆ ಒರೆಸಿಕೊಂಡು ನಿಲ್ಲಿಸಿದೆ. ಎಡಗಡೆಯ ಬಾಗಿಲು ಪೂರ್ತಿ ಹೋಯಿತು. ಗಾಡಿ ಮಾಲೀಕರು ಬೈದ ಬೈಗುಳ ಇವತ್ತಿಗೂ ಕಿವಿಯಲ್ಲಿದೆ.

ನನ್ನ ಪೆಡಲ್ ಗಟ್ಟಿ ಇತ್ತು, ನಿಮ್ಮದು ಮೆತ್ತಗಾಯಿತು. ಇದು ಮುಖ್ಯ ವಿಷಯ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಅಥವಾ ಲೈನರ್ ಕಾದು ಹಿಡಿತ ಬಿಟ್ಟಿದೆ ಅಂತ. ಪೆಡಲ್ ಜಾಸ್ತಿ ಕೆಳಗೆ ಹೋಗಿ, ಅಲ್ಲಿ ಗಟ್ಟಿಯಾಗಿ ನಿಂತರೆ ಡ್ರಮ್ ಹಿಗ್ಗಿರಬಹುದು ಅಥವಾ ಶೂ ಅಡ್ಜಸ್ಟ್ ಆಗಬೇಕು. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ಒಳಗೆ ಹೋಗಿ, ತಣಿದ ಮೇಲೆ ತಾನಾಗೇ ಸರಿಯಾದರೆ ಬ್ರೇಕ್ ಆಯಿಲ್ ಕುದಿದಿದೆ. ತಣಿದ ಮೇಲೂ ಸರಿಯಾಗದಿದ್ದರೆ ಎಲ್ಲೋ ಸೋರಿಕೆ ಇದೆ ಅಥವಾ ಲೈನಿನಲ್ಲಿ ಗಾಳಿ ಸೇರಿದೆ, ಅಂಥ ಗಾಡಿಯನ್ನು ಓಡಿಸಲೇಬಾರದು. ಅರ್ಧ ಗಂಟೆಗೆ ಸರಿಹೋಯಿತು ಅಂತ ನೀವು ಬರೆದ ಒಂದು ಸಾಲು ನೋಡಿಯೇ ನಾನು ಆಯಿಲ್ ಅಂದದ್ದು.

ಆಯಿಲ್ ಅಂತ ನಾವು ಕರೆಯುತ್ತೇವೆ ಅಷ್ಟೇ, ಅದು ಎಣ್ಣೆಯಲ್ಲ. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆಗೆದಿಟ್ಟ ಉಪ್ಪು ನೀರೊಡೆಯುತ್ತದಲ್ಲ, ಬ್ರೇಕ್ ಆಯಿಲ್ ಕೂಡ ಹಾಗೇ ಗಾಳಿಯಲ್ಲಿರುವ ತೇವವನ್ನು ಕುಡಿಯುತ್ತದೆ. ಡಾಟ್ 3, ಡಾಟ್ 4 ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಆದರೆ ಸುಮಾರು 3.7 ಪರ್ಸೆಂಟ್ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಹೊಸದಕ್ಕೆ 230, ನೀರು ಕುಡಿದದ್ದಕ್ಕೆ 155. ಘಾಟಿಯಲ್ಲಿ ಕಾದ ಡಿಸ್ಕ್‌ನ ಬಿಸಿ ಪ್ಯಾಡ್ ದಾಟಿ, ಪ್ಯಾಡನ್ನು ತಳ್ಳುವ ಪಿಸ್ಟನ್ ದಾಟಿ ಕ್ಯಾಲಿಪರ್ ಒಳಗಿನ ಆಯಿಲ್‌ಗೆ ತಲುಪುತ್ತದೆ. ಅದು ಕುದಿದರೆ ಆವಿಯ ಗುಳ್ಳೆ ಆಗುತ್ತದೆ. ದ್ರವವನ್ನು ಅಮುಕಲಾಗುವುದಿಲ್ಲ, ಗುಳ್ಳೆಯನ್ನು ಅಮುಕಬಹುದು. ನೀವು ಪೆಡಲ್ ಒತ್ತಿದ್ದೆಲ್ಲ ಗುಳ್ಳೆ ಅಮುಕುವುದಕ್ಕೇ ಹೋಯಿತು, ಚಕ್ರಕ್ಕೆ ತಲುಪಲಿಲ್ಲ. ಹೀಗಾಗುವುದಕ್ಕೆ ಡ್ರಮ್ಮೇ ಬೇಕಿಲ್ಲ, ನಾಲ್ಕೂ ಡಿಸ್ಕ್ ಇರುವ ದೊಡ್ಡ ಗಾಡಿಗೂ ಆಗುತ್ತದೆ, ಅಂಥವು ನನ್ನ ಗ್ಯಾರೇಜಿಗೆ ಬಂದಿವೆ.

ನಿಮ್ಮ ಗಾಡಿಗೆ ಆರು ವರ್ಷ. ಬ್ರೇಕ್ ಆಯಿಲ್ ಒಂದು ಸಲವಾದರೂ ಬದಲಾಯಿಸಿದ್ದೀರಾ? ಬಿಲ್ಲಿನಲ್ಲಿ ಹುಡುಕಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದು ಹಾಕಬೇಕು. ಮೇಲಿನಿಂದ ಟಾಪ್ ಅಪ್ ಮಾಡುವುದು ಇದರ ಲೆಕ್ಕಕ್ಕೆ ಬರುವುದಿಲ್ಲ. ಯಾವ ಡಾಟ್ ಅಂತ ರಿಸರ್ವಾಯರ್, ಅಂದರೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಅರ್ಧ ಬಳಸಿ ಕಪಾಟಿನಲ್ಲಿಟ್ಟ ಹಳೆಯ ಬಾಟಲಿಯದ್ದನ್ನು ಹಾಕಲು ಬಿಡಬೇಡಿ, ಅದೂ ತೇವ ಕುಡಿದಿರುತ್ತದೆ.

ಇನ್ನು ಹಿಂದಕ್ಕೆ ಡಿಸ್ಕ್ ಹಾಕಿಸುವ ವಿಚಾರ. ಕೆಲವರು "ಮಾಡಿಕೊಡುತ್ತೇವೆ" ಅಂತಾರೆ, ನಂಬಬೇಡಿ. ಮುಂದಿನ ಮತ್ತು ಹಿಂದಿನ ಬ್ರೇಕಿಗೆ ಎಷ್ಟೆಷ್ಟು ಒತ್ತಡ ಹೋಗಬೇಕು ಅಂತ ಕಂಪನಿಯವರು ಆ ಗಾಡಿಯ ತೂಕ, ಉದ್ದ ನೋಡಿ ಲೆಕ್ಕ ಹಾಕಿರುತ್ತಾರೆ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವುದು), ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವುದು), ಹ್ಯಾಂಡ್ ಬ್ರೇಕ್ ಕೇಬಲ್ ಎಲ್ಲವೂ ಆ ಡ್ರಮ್ಮಿಗೆ ಹೊಂದಿಸಿದ್ದು. ಅಳತೆ ತಪ್ಪಿ ಹಿಂದಿನ ಬ್ರೇಕ್ ಜಾಸ್ತಿಯಾದರೆ ಮಳೆಯಲ್ಲಿ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಮೊದಲು ಜಾರುತ್ತದೆ, ಗಾಡಿಯ ಬಾಲ ಮುಂದಕ್ಕೆ ಬರುತ್ತದೆ. ಕಡಿಮೆಯಾದರೆ ಹಾಕಿಸಿದ ದುಡ್ಡು ದಂಡ. ಅಪಘಾತ ಆದರೆ ಇನ್ಶೂರೆನ್ಸ್‌ನವರು ತಗಾದೆ ತೆಗೆಯುತ್ತಾರೆ ಅನ್ನುವುದು ಬೇರೆ.

ಚರಿತ್ರೆಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಓರಗೆಯವು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ, ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕಿಗೆ ರೂಪ ಕೊಟ್ಟದ್ದೂ ಅದೇ ವರ್ಷ. ಆದರೆ ಬಯಲಲ್ಲಿದ್ದ ಡಿಸ್ಕನ್ನು ಆ ಕಾಲದ ಧೂಳಿನ ರಸ್ತೆ ತಿಂದು ಹಾಕುತ್ತಿತ್ತು, ಮುಚ್ಚಿಕೊಂಡಿದ್ದ ಡ್ರಮ್ ಗೆದ್ದಿತು. ಡಿಸ್ಕ್‌ಗೆ ಕಾಲ ಬಂದದ್ದು 1953ರಲ್ಲಿ, ಲೆ ಮಾನ್ಸ್ ರೇಸನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಾಗ. 24 ಗಂಟೆ ಓಡುವ ರೇಸದು, ಭಾರೀ ವೇಗದಿಂದ ಮತ್ತೆ ಮತ್ತೆ ಬ್ರೇಕ್ ಒತ್ತಬೇಕು. ನಮ್ಮ ಘಾಟಿಯ ಕಥೆಯೇ. ಎರಡು ವರ್ಷ ಬಿಟ್ಟು ಬಂದ ಸಿಟ್ರೋಯನ್ ಡಿಎಸ್ ಕಾರಿನಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು. ಬಿಸಿ ಜಾಸ್ತಿ ಇರುವ ಕಡೆ ಡಿಸ್ಕ್, ಕಡಿಮೆ ಇರುವ ಕಡೆ ಡ್ರಮ್, ಆ ಲೆಕ್ಕ ಇವತ್ತಿಗೂ ಸಣ್ಣ ಕಾರುಗಳಲ್ಲಿ ಹಾಗೇ ಇದೆ. ಡ್ರಮ್ ಅಂದರೆ ಹಳೆಯ ಕಾಲದ್ದು ಅಂತ ಮೂಗು ಮುರಿಯುವವರಿಗೆ ಒಂದು ಮಾತು: ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಎಲೆಕ್ಟ್ರಿಕ್ ಕಾರುಗಳಿಗೆ ಬೇಕೆಂತಲೇ ಹಿಂದೆ ಡ್ರಮ್ ಹಾಕಿತು. ಎಲೆಕ್ಟ್ರಿಕ್ ಗಾಡಿಯಲ್ಲಿ ಮೋಟಾರೇ ವೇಗ ಕಡಿಮೆ ಮಾಡುತ್ತದೆ, ಬ್ರೇಕಿಗೆ ಕೆಲಸ ಕಡಿಮೆ, ಕೆಲಸವಿಲ್ಲದ ಡಿಸ್ಕ್ ಬಯಲಲ್ಲಿ ತುಕ್ಕು ಹಿಡಿಯುತ್ತದೆ. (ಮುಂದೆ ನೀವು ಇವಿ ತೆಗೆದುಕೊಂಡರೆ ಘಾಟಿ ಇಳಿಯುವ ಮುಂಚೆ ನೂರಕ್ಕೆ ನೂರು ಚಾರ್ಜ್ ಮಾಡಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ಶಕ್ತಿ ಹಿಡಿಸುವುದಿಲ್ಲ, ಭಾರ ಮತ್ತೆ ಬ್ರೇಕಿನ ಮೇಲೇ ಬೀಳುತ್ತದೆ.)

ತುಕ್ಕಿನ ಮಾತು ಬಂತಲ್ಲ, ನಿಮ್ಮ ಎರಡನೇ ಪ್ರಶ್ನೆ. ಇಲ್ಲಿ ಮಾತ್ರ ನಿಮ್ಮ ಭಾವನವರು ಗೆದ್ದರು. ಹೌದು, ಅದು ಡ್ರಮ್ಮಿನ ತೊಂದರೆ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿದ್ದೀರಿ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಮನೆಯೊಳಗಿನ ಬಟ್ಟೆಯೇ ಒಣಗಲ್ಲ, ಡ್ರಮ್ಮಿನ ಒಳಗೆ ಸೇರಿದ ನೀರು ಎಲ್ಲಿ ಒಣಗಬೇಕು? ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದರೆ ಲೈನರ್ ಡ್ರಮ್ಮಿಗೆ ಒತ್ತಿಕೊಂಡೇ ಇರುತ್ತದೆ, ನಡುವೆ ತುಕ್ಕು ಬೆಳೆದು ಅಂಟಿ ಹಿಡಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಎರಡು ದಿನಕ್ಕಿಂತ ಜಾಸ್ತಿ ಗಾಡಿ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಸಮತಟ್ಟಾದ ಅಂಗಳದಲ್ಲಿ ಗೇರಿನಲ್ಲಿ ಹಾಕಿ, ಚಕ್ರದ ಹಿಂದೆ ಮುಂದೆ ಕಲ್ಲೋ ಮರದ ತುಂಡೋ ಕೊಡಿ. ಆಗಲೇ ಹಿಡಿದುಕೊಂಡಿದ್ದರೆ ಫಸ್ಟ್ ಗೇರ್, ರಿವರ್ಸ್ ಗೇರ್ ಅಂತ ಮೆಲ್ಲಗೆ ಹಿಂದೆ ಮುಂದೆ ಆಡಿಸಿ, ಬಹಳ ಸಲ ಟಕ್ ಅಂತ ಬಿಡುತ್ತದೆ. ಬಿಡದಿದ್ದರೆ ಆಕ್ಸಿಲರೇಟರ್ ಒತ್ತಿ ಎಳೆಯಬೇಡಿ. ಲೈನರ್ ಶೂವಿನಿಂದ ಕಿತ್ತು ಡ್ರಮ್ಮಿನೊಳಗೆ ಸಿಕ್ಕಿಕೊಳ್ಳುತ್ತದೆ, ಖರ್ಚು ದೊಡ್ಡದಾಗುತ್ತದೆ. ಮೆಕ್ಯಾನಿಕ್ ಬಂದು ಡ್ರಮ್ಮಿನ ಮೇಲೆ ನಾಲ್ಕು ಏಟು ಹಾಕಿದರೆ ಆಯಿತು.

ಡಿಸ್ಕಿಗೂ ರಾತ್ರಿ ಮಳೆಗೆ ತುಕ್ಕು ಬರುತ್ತದೆ. ಬೆಳಿಗ್ಗೆ ಹೊರಟಾಗ ಮೊದಲ ಒಂದೆರಡು ಬ್ರೇಕಿಗೆ ಕರ್ ಅನ್ನುವುದು ಅದೇ, ಉಜ್ಜಿ ಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಡಿಸ್ಕಿನ ನಿಜವಾದ ಕಾಯಿಲೆ ಬೇರೆ, ಕ್ಯಾಲಿಪರ್‌ನ ಸ್ಲೈಡಿಂಗ್ ಪಿನ್. ನೀರು, ಕೆಮ್ಮಣ್ಣು ಸೇರಿ ಪಿನ್ ಜಾಮ್ ಆದರೆ ಕ್ಯಾಲಿಪರ್ ಸರಿದಾಡುವುದಿಲ್ಲ, ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಹೊಸದರ ಹಾಗಿರುತ್ತದೆ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು, ಆ ಚಕ್ರ ಸದಾ ಬಿಸಿ ಇರುತ್ತದೆ. ಪ್ಯಾಡ್ ಬದಲಾಯಿಸುವಾಗ ಪಿನ್ ತೆಗೆದು, ಒರೆಸಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಾಕಿಸಿ. ಬೇರಿಂಗಿಗೆ ಹಾಕುವ ಗ್ರೀಸ್ ಅಲ್ಲ. ಇನ್ನು ನೀರು ಹರಿಯುವ ರಸ್ತೆ ದಾಟಿದಾಗ ಡಿಸ್ಕ್ ಒಂದೆರಡು ಸುತ್ತಿಗೆ ನೀರು ಕೊಡವಿಕೊಳ್ಳುತ್ತದೆ. ಡ್ರಮ್ಮಿನೊಳಗೆ ಹೋದ ನೀರು ಅಲ್ಲೇ ಇರುತ್ತದೆ, ಸ್ವಲ್ಪ ದೂರ ಪೆಡಲನ್ನು ಹಗುರವಾಗಿ ಒತ್ತಿಕೊಂಡು ಹೋಗಿ ಒಣಗಿಸಬೇಕು.

ಡ್ರಮ್ಮಿನ ದೊಡ್ಡ ಶತ್ರು ಸೋಮಾರಿತನ. ಡಿಸ್ಕಿನ ಪ್ಯಾಡ್ ಚಕ್ರದ ಸಂದಿನಿಂದಲೇ ಕಾಣುತ್ತದೆ. ಡ್ರಮ್ ಬಿಚ್ಚದೆ ಏನೂ ಕಾಣುವುದಿಲ್ಲ, ಬಿಚ್ಚುವುದು ರಗಳೆ, ಹಾಗಾಗಿ ಎಷ್ಟೋ ಕಡೆ ಬಿಲ್ಲಿನಲ್ಲಿ "ಬ್ರೇಕ್ ಕ್ಲೀನಿಂಗ್" ಅಂತ ಬರೆದು ಮುಂದಿನದನ್ನು ಮಾತ್ರ ಒರೆಸಿ ಕಳಿಸುತ್ತಾರೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಬನ್ನಿ, ನಿಮ್ಮೂರಲ್ಲೇ ಮಾಡಿಸಿ, ಎಲ್ಲಾದರೂ ಸರಿ, ಎದುರು ನಿಂತು ಡ್ರಮ್ ಬಿಚ್ಚಿಸಿ. ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಒಳಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಿದರೆ ದೂರ ನಿಲ್ಲಿ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ವೀಲ್ ಸಿಲಿಂಡರ್ ಸುತ್ತ ಒದ್ದೆ ಕಂಡರೆ ಸೋರುತ್ತಿದೆ ಅಂತ ಅರ್ಥ.

ಇಳಿಯುವ ಕ್ರಮ ಹೇಳದೆ ಇದ್ದರೆ ಇಷ್ಟು ಬರೆದದ್ದು ಸುಮ್ನೆ. ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಗುಂಬೆಗೆ ಹೆಚ್ಚಾಗಿ ಎರಡು, ತಿರುವಿನಲ್ಲಿ ಒಂದು. ಆಟೋಮ್ಯಾಟಿಕ್ ಆದರೆ ಎಲ್ ಅಥವಾ ಮ್ಯಾನ್ಯುಯಲ್ ಮೋಡ್. ಪೆಡಲ್ ಮೇಲೆ ಸದಾ ಕಾಲಿಟ್ಟು ಸವರಿಕೊಂಡು ಬರಬೇಡಿ. ವೇಗ ಜಾಸ್ತಿ ಆದಾಗ ಗಟ್ಟಿಯಾಗಿ ಒತ್ತಿ, ಇಳಿಸಿ, ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲೇ ಬ್ರೇಕ್ ಉಸಿರಾಡುವುದು. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತದೆ ಅನ್ನುವ ನನ್ನ ಪ್ರಾಯದ ಬುದ್ಧಿವಂತಿಕೆ ಈಗಿನ ಗಾಡಿಗಳಲ್ಲಿ ಪೂರಾ ಉಲ್ಟಾ. ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಆರದಿರಲು ಕುಡಿಯುತ್ತಲೇ ಇರಬೇಕು. ಇಂಜಿನ್ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಮೇಲೆ ಹೇಳಿದೆನಲ್ಲ, ಬೂಸ್ಟರ್ ಹೋಗುತ್ತದೆ. ಎರಡು ಮೂರು ಸಲ ಒತ್ತುವವರೆಗೆ ಬ್ರೇಕ್ ಇರುತ್ತದೆ, ಆಮೇಲೆ ಕಂಬ ಒತ್ತಿದ ಹಾಗೆ.

ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿ ಹಾಕಿ ಕಲ್ಲು ಕೊಡಿ. ಕಾದ ಡಿಸ್ಕ್‌ಗೆ ನೀರು ಹೊಯ್ಯಬೇಡಿ, ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಕಾದಿರುವಾಗ ಹ್ಯಾಂಡ್ ಬ್ರೇಕೊಂದನ್ನೇ ನಂಬಬೇಡಿ. ಅರ್ಧ ಗಂಟೆ ಕೂತು ಕಾಫಿ ಕುಡಿಯಿರಿ, ಮಂಗಗಳಿಗೆ ಬಿಸ್ಕತ್ತು ಮಾತ್ರ ಹಾಕಬೇಡಿ.

ಬ್ರೇಕ್ ಆಯಿಲ್ ಬದಲಾಯಿಸಿ, ಮುಂದಿನ ಪ್ಯಾಡ್ ದಪ್ಪ ನೋಡಿಸಿ, 3 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಹೊಸದು ಹಾಕಿಸಿ. ಅವತ್ತು ಕಾದ ಪ್ಯಾಡ್ ಮೇಲೆ ಕನ್ನಡಿಯಂಥ ಹೊಳಪು ಬಂದಿದ್ದರೂ ಅಷ್ಟೇ. ಹಿಂದಿನ ಡ್ರಮ್ ಬಿಚ್ಚಿಸಿ ಅಡ್ಜಸ್ಟ್ ಮಾಡಿಸಿ. ಹೇಗೂ ಗಾಡಿ ಬದಲಾಯಿಸುವ ಯೋಚನೆ ಇದ್ದು, ದೊಡ್ಡ ಭಾರದ ಗಾಡಿ ತೆಗೆದುಕೊಳ್ಳುವುದಾದರೆ ನಾಲ್ಕೂ ಡಿಸ್ಕ್ ಇರುವುದನ್ನು ಕೇಳಿ. ಸಣ್ಣ ಗಾಡಿಗೆ ಅದರ ಆಸೆಗೆ ಟಾಪ್ ವೇರಿಯಂಟ್‌ಗೆ ಹೋಗುವ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಟೈರ್ ಬರುತ್ತದೆ.

ಮುಂದಿನ ಸಲ ಸೋಮೇಶ್ವರದಲ್ಲಿ ನಿಲ್ಲಿಸಿದಾಗ, ಮುಟ್ಟದೆ, ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನೋಡಿ, ಮೊದಲು ಮುಂದಿನ ಚಕ್ರಕ್ಕೆ, ಆಮೇಲೆ ಹಿಂದಿನದಕ್ಕೆ. ಭಾವನವರ ಕೈಯನ್ನೂ ಹಿಡಿಸಿ.